ಝಡ್ ಡ್ರೈವಿಗೆ ಕೆಂಪು ಇಂಟು ಬಿದ್ದರೆ ಫಾರ್ಮ್ಯಾಟ್ ಯಾಕೆ ಮಾರಾಯ್ರೆ?

ಇವತ್ತು ಬದಿಯಡ್ಕದ ಒಂದು ಆಫೀಸಿನಲ್ಲಿ ಚೆನ್ನಾಗಿಯೇ ಇದ್ದ ಕಂಪ್ಯೂಟರನ್ನು ಫಾರ್ಮ್ಯಾಟ್ ಮಾಡಿಬಿಟ್ಟಿದ್ದಾರೆ. ಝಡ್ ಡ್ರೈವಿಗೆ ಕೆಂಪು ಇಂಟು ಬಿದ್ದಿತ್ತು, ಅಷ್ಟೇ ಕಾರಣ. ಪ್ರಿಂಟರ್ ಸೆಟ್ಟಿಂಗ್, ಕನ್ನಡ ಟೈಪ್ ಮಾಡುವ ನುಡಿ ಸಾಫ್ಟ್‌ವೇರ್, ಮಲಯಾಳ ಕೀಬೋರ್ಡ್, ಡಿಜಿಟಲ್ ಸಿಗ್ನೇಚರಿನ ಡ್ರೈವರ್ ಎಲ್ಲ ಹೋಯಿತು. ನಿಜಕ್ಕೂ ಹೊಟ್ಟೆ ಉರೀತದೆ. ಝಡ್‌ನ ಹಾಗೆ ಮ್ಯಾಪ್ ಮಾಡಿದ ಡ್ರೈವ್ ಅಂದರೆ ಇನ್ನೊಂದು ಕಂಪ್ಯೂಟರಿನ ಫೋಲ್ಡರಿಗೆ ಇಟ್ಟ ಅಕ್ಷರ ಮಾತ್ರ. ಅದು ತೆರೆಯದಿದ್ದರೆ ಯಾಕೆ ಅಂತ ವಿಂಡೋಸ್ ನಂಬರ್ ಕೊಟ್ಟು ಹೇಳ್ತದೆ. ಆ ನಂಬರ್ ನೋಡದೆ ಕೈ ಹಾಕುವುದು ಮಹಾ ತಪ್ಪು.

ಕಮಾಂಡ್ ಪ್ರಾಂಪ್ಟ್ ತೆರೆದು ನೆಟ್ ಯೂಸ್ (net use) ಅಂತ ಇಂಗ್ಲಿಷಿನಲ್ಲಿ ಹೊಡೆಯಿರಿ. 'ಡಿಸ್ಕನೆಕ್ಟೆಡ್' ಅಂತ ಬಂದರೆ ಹೆದರಬೇಕಾಗಿಲ್ಲ. 15 ನಿಮಿಷ ಯಾರೂ ಮುಟ್ಟದಿದ್ದರೆ ಆ ಕಡೆಯ ಕಂಪ್ಯೂಟರೇ ಸಂಪರ್ಕ ಬಿಡಿಸ್ತದೆ, ಡಬ್ಬಲ್ ಕ್ಲಿಕ್ ಮಾಡಿದರೆ ಪುನಃ ಬರ್ತದೆ. ಬರದಿದ್ದರೆ ನೆಟ್ ಯೂಸ್ ಝಡ್: /ಡಿಲೀಟ್ ಕೊಟ್ಟು, ನೆಟ್ ಯೂಸ್ ಝಡ್: \\ಸರ್ವರ್\ಲೆಕ್ಕ ಅಂತ, ಸರ್ವರ್ ಇರುವಲ್ಲಿ ಆ ಕಡೆಯ ಕಂಪ್ಯೂಟರಿನ ಹೆಸರು, ಲೆಕ್ಕ ಇರುವಲ್ಲಿ ಹಂಚಿದ ಫೋಲ್ಡರಿನ (ಶೇರಿನ) ಹೆಸರು ಹಾಕಿ ಹೊಸತಾಗಿ ಜೋಡಿಸಿ. ಈಗ ಬರುವ ಎರರ್ ನಂಬರೇ ಮುಖ್ಯ.

53 ಬಂದರೆ ಆ ಕಂಪ್ಯೂಟರೇ ಸಿಗ್ತಾ ಇಲ್ಲ: ಅದು ಆಫ್ ಆಗಿದೆ, ನಿದ್ದೆಗೆ ಹೋಗಿದೆ, ನೆಟ್‌ವರ್ಕ್ ವಿಳಾಸ (ಐಪಿ) ಬದಲಾಗಿದೆ, ಅಥವಾ ಫೈರ್‌ವಾಲ್ ಫೋಲ್ಡರ್ ಹಂಚುವ ದಾರಿಯಾದ 445ನೇ ಪೋರ್ಟನ್ನು ತಡೆದಿದೆ. ಡಬ್ಬಲ್ ಕ್ಲಿಕ್ ಮಾಡಿದಾಗ ಕಾಣುವ 80070035 ಎಂಬ ಉದ್ದ ಸಂಖ್ಯೆಯೂ ಇದೇ 53. 67 ಅಂದರೆ ಹೆಚ್ಚಾಗಿ ಶೇರ್ ಹೆಸರು ತಪ್ಪು. 5 ಅಂದರೆ ಅನುಮತಿ ಇಲ್ಲ. ಸರ್ವರಿನಲ್ಲಿ ಆ ಫೋಲ್ಡರಿನ ಪ್ರಾಪರ್ಟೀಸ್ ತೆರೆದು ಶೇರಿಂಗ್ ಮತ್ತು ಸೆಕ್ಯುರಿಟಿ ಎರಡೂ ಟ್ಯಾಬ್ ನೋಡಬೇಕು, ಎರಡರಲ್ಲಿ ಯಾವುದು ಬಿಗಿಯೋ ಅದೇ ನಡೆಯುವುದು. 1326 ಅಂದರೆ ಯೂಸರ್ ಹೆಸರು ಅಥವಾ ಪಾಸ್‌ವರ್ಡ್ ತಪ್ಪು. ಎಷ್ಟೋ ಜನ ಇಲ್ಲಿ ಪಿನ್ ಹೊಡೀತಾರೆ. ಪಿನ್ ಆ ಒಂದು ಕಂಪ್ಯೂಟರಿನ ಬಾಗಿಲಿಗೆ ಮಾತ್ರ, ಶೇರಿಗೆ ಅಸಲಿ ಪಾಸ್‌ವರ್ಡೇ ಬೇಕು.

ಎಲ್ಲಕ್ಕಿಂತ ಹಠಮಾರಿ 1219. ಒಂದೇ ಸರ್ವರಿಗೆ ಒಂದೇ ಲಾಗಿನ್ನಿನಿಂದ ಎರಡು ಬೇರೆ ಯೂಸರ್ ಹೆಸರಲ್ಲಿ ಹೋಗಲು ವಿಂಡೋಸ್ ಬಿಡುವುದಿಲ್ಲ. ಝಡ್ ಡ್ರೈವನ್ನು ಅಳಿಸಿದರೂ ಐಪಿಸಿ ಅಂತ ಅಕ್ಷರವಿಲ್ಲದ ಹಳೆಯ ಸಂಪರ್ಕ ಒಂದು ಉಳಿದಿರ್ತದೆ. ಮೊದಲು ನೆಟ್ ಯೂಸ್ * /ಡಿಲೀಟ್ ಕೊಡಿ. ಆಮೇಲೆ ಕಂಟ್ರೋಲ್ ಪ್ಯಾನೆಲಿನಲ್ಲಿ ಹಳೆಯ ಪಾಸ್‌ವರ್ಡುಗಳು ಉಳಿದಿರುವ ಕ್ರೆಡೆನ್ಶಿಯಲ್ ಮ್ಯಾನೇಜರಿನಲ್ಲಿ, ವಿಂಡೋಸ್ ಕ್ರೆಡೆನ್ಶಿಯಲ್ಸ್ ಅಡಿಯಲ್ಲಿ, ಆ ಸರ್ವರಿನ ಹೆಸರೂ ಐಪಿಯೂ ಎಲ್ಲೆಲ್ಲಿ ಉಂಟೋ ಎಲ್ಲ ತೆಗೆಯಿರಿ. ಲಾಗ್ ಔಟ್ ಆಗಿ ಬಂದು ಒಂದೇ ಯೂಸರ್ ಹೆಸರಲ್ಲಿ ಜೋಡಿಸಿ.

"ಫಾರ್ಮ್ಯಾಟ್ ಮಾಡಿದ ಮೇಲೆ ಸರಿಯಾಯಿತಲ್ಲ" ಅನ್ನುವವರು ಇದ್ದಾರೆ. ಆಗ್ತದೆ, ಯಾಕೆಂದರೆ ಫಾರ್ಮ್ಯಾಟಿನಲ್ಲಿ ಆ ಹಳೆಯ ಪಾಸ್‌ವರ್ಡೂ ಅಳಿಸಿ ಹೋಗ್ತದೆ. ಅದೊಂದನ್ನೇ ತೆಗೆಯಲು ಎರಡು ನಿಮಿಷ ಸಾಕಿತ್ತು. ತೊಂದರೆ ಸರ್ವರ್ ಕಡೆ ಇದ್ದರೆ ಈ ಕಂಪ್ಯೂಟರನ್ನು ಎಷ್ಟು ಸಲ ತೊಳೆದರೂ ಪ್ರಯೋಜನವಿಲ್ಲ.

ನಮ್ಮ ಕಾಸರಗೋಡಿನ ಮಳೆಗಾಲದಲ್ಲಿ ಹೆಚ್ಚಾಗಿ ತೊಂದರೆ ಇರುವುದೂ ಅಲ್ಲಿಯೇ. ಕರೆಂಟ್ ಹೋಗಿ ಬಂದ ಕೂಡಲೇ ರೂಟರ್ ಹೊಸತಾಗಿ ವಿಳಾಸ ಹಂಚುತ್ತದೆ. ನಿನ್ನೆ 192.168.1.12 ಇದ್ದ ಸರ್ವರ್ ಇವತ್ತು 15 ಆಗಿರಬಹುದು. ಐಪಿ ಹಾಕಿ ಮ್ಯಾಪ್ ಮಾಡಿದವರಿಗೆಲ್ಲ ಆಗ 53. ರೂಟರಿನಲ್ಲಿ ಸರ್ವರಿನ ಮ್ಯಾಕ್ ವಿಳಾಸಕ್ಕೆ (ಅದರ ನೆಟ್‌ವರ್ಕ್ ಕಾರ್ಡಿನ ಗುರುತು ಸಂಖ್ಯೆಗೆ) ಒಂದೇ ಐಪಿ ರಿಸರ್ವ್ ಮಾಡಿಡಿ. ಸರ್ವರಿನ ಬಯೋಸಿನಲ್ಲಿ (ವಿಂಡೋಸ್ ಶುರುವಾಗುವ ಮೊದಲಿನ ಸೆಟ್ಟಿಂಗಿನಲ್ಲಿ), ಕರೆಂಟ್ ಬಂದಾಗ ತಾನಾಗಿ ಆನ್ ಆಗುವ ಆಯ್ಕೆ ಇದ್ದರೆ ಅದನ್ನು ಹಾಕಿ. ಸ್ಲೀಪ್ 'ನೆವರ್' ಮಾಡಿ, ನೆಟ್‌ವರ್ಕ್ ಪ್ರೊಫೈಲನ್ನು ಪಬ್ಲಿಕ್ಕಿನಿಂದ ಪ್ರೈವೇಟಿಗೆ ತನ್ನಿ. ವೈಫೈಯಲ್ಲಿರುವ ಕಂಪ್ಯೂಟರುಗಳಲ್ಲಿ ನೆಟ್‌ವರ್ಕ್ ಬರುವ ಮೊದಲೇ ಲಾಗಿನ್ ಆಗಿ ಇಂಟು ಬೀಳ್ತದೆ. ಸರ್ವರಿನ ಫೋಲ್ಡರನ್ನೇ ನಂಬಿ ಕೆಲಸ ಮಾಡುವ ಮೇಜುಗಳಿಗೆ ಕೇಬಲ್ ಎಳೆಯುವುದೇ ಒಳ್ಳೆಯದು.

ಇನ್ನೊಂದು ಅಪಾಯದ ಮದ್ದು, ಫೋಲ್ಡರ್ ಹಂಚುವ ಹಳೆಯ ಪದ್ಧತಿಯಾದ ಎಸ್‌ಎಂಬಿ1 ಆನ್ ಮಾಡುವುದು. ದಯವಿಟ್ಟು ಬೇಡ. 2017ರ ಮೇ ತಿಂಗಳಲ್ಲಿ ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ವಾನಾಕ್ರೈ ವೈರಸ್ ಹರಡಿದ್ದು ಅದರದ್ದೇ ದೋಷದಿಂದ. ವಯನಾಡಿನ ಪಂಚಾಯತ್ ಕಚೇರಿಯ ಕಂಪ್ಯೂಟರುಗಳೂ ಆಗ ಸಿಕ್ಕಿಬಿದ್ದಿದ್ದವು. ವಿಂಡೋಸ್ 11ರ 24ಎಚ್2 ಬಂದ ಮೇಲೆ ಪಾಸ್‌ವರ್ಡ್ ಇಲ್ಲದ ಗೆಸ್ಟ್ ಶೇರುಗಳು ಪ್ರೊ ಆವೃತ್ತಿಯಲ್ಲೂ ತೆರೆಯುವುದಿಲ್ಲ. ಆ ಬೀಗವನ್ನು ಒಡೆಯಲು ಹೋಗಬೇಡಿ. ಸರ್ವರಿನಲ್ಲಿ ಪಾಸ್‌ವರ್ಡ್ ಇರುವ ಒಂದು ಯೂಸರ್ ಮಾಡಿ ಅದರಿಂದ ಮ್ಯಾಪ್ ಮಾಡಿ, ಮುಗಿಯಿತು.

ಎಕ್ಸ್‌ಪ್ಲೋರರಿನಲ್ಲಿ ಝಡ್ ಕಾಣ್ತದೆ, ಲೆಕ್ಕದ ಸಾಫ್ಟ್‌ವೇರಿಗೆ ಮಾತ್ರ ಕಾಣುವುದಿಲ್ಲ ಅಂತಾದರೆ ಅದನ್ನು 'ರನ್ ಆಸ್ ಅಡ್ಮಿನಿಸ್ಟ್ರೇಟರ್' ಕೊಟ್ಟು ತೆರೆದಿದ್ದೀರಾ ನೋಡಿ. ಅಡ್ಮಿನ್ ಆಗಿ ತೆರೆದ ಪ್ರೋಗ್ರಾಮಿಗೆ ನೀವು ಮಾಮೂಲಾಗಿ ಮ್ಯಾಪ್ ಮಾಡಿದ್ದು ಕಾಣುವುದಿಲ್ಲ. ಮಾಮೂಲಾಗಿಯೇ ತೆರೆದರೆ ಸರಿಹೋಗ್ತದೆ.

ಇದರಲ್ಲಿ ಇಲ್ಲದ ನಂಬರ್ ನಿಮ್ಮಲ್ಲಿ ಬರ್ತಾ ಇದ್ದರೆ ಇಲ್ಲಿ ಬರೆದು ಹಾಕಿ. ಎರಡೂ ಕಂಪ್ಯೂಟರಿನ ವಿಂಡೋಸ್ ಆವೃತ್ತಿ ಯಾವುದು ಅಂತಲೂ ತಿಳಿಸಿ. ಅಲ್ಲಿಯವರೆಗೆ ಫಾರ್ಮ್ಯಾಟಿನ ಪೆನ್‌ಡ್ರೈವ್ ಚುಚ್ಚಲು ಯಾರನ್ನೂ ಬಿಡಬೇಡಿ.