ಸ್ಟ್ರಿಪ್ ಥಿಯರಿಯನ್ನು ಇಷ್ಟು ಬೇಗ ಬಿಡಬೇಡಿ

ಸರ್, ಹಡಗಿನ ಓಲಾಟದ ಬಗ್ಗೆ ನಿಮ್ಮ ಲೇಖನ ಚೆನ್ನಾಗಿದೆ. ಆದರೆ ಈಗ ಸೂಪರ್ ಕಂಪ್ಯೂಟರ್ ಇದೆ, ಅಲೆಗಳಲ್ಲಿ ಹಡಗು ಹೇಗೆ ಓಲಾಡುತ್ತದೆ ಎಂದು ತಿಳಿಯಲು ಹಳೆಯ ಸ್ಟ್ರಿಪ್ ಥಿಯರಿ ಯಾಕೆ ಎಂದಿದ್ದೀರಲ್ಲ, ಅದನ್ನು ಒಪ್ಪಲು ಆಗಲಿಲ್ಲ. ಹಾರಂಗಿ ಹಿನ್ನೀರು ಬಿಟ್ಟರೆ ಕೊಡಗಿನಲ್ಲಿ ಅಲೆ ಎಲ್ಲಿದೆ ಅಂತ ನಗಬೇಡಿ. ಕುಶಾಲನಗರದ ಮನೆಯಲ್ಲಿ ಕೂತು ನಾನು ಮಾಡುವುದು ಇದೇ ಲೆಕ್ಕದ ಕೆಲಸ.

ಹಡಗನ್ನು ಮೂತಿಯಿಂದ ಹಿಂಭಾಗದವರೆಗೆ ಹೋಳು ಹೋಳಾಗಿ ನೋಡುವುದು, ಒಂದೊಂದು ಹೋಳಿನ ಮೇಲೆ ನೀರು ಹಾಕುವ ಬಲ ಕಂಡುಹಿಡಿದು ಕೂಡಿಸುವುದು. ಇಷ್ಟೇ ಸ್ಟ್ರಿಪ್ ಥಿಯರಿಯ ತಿರುಳು. ಸಾಲ್ವೆಸೆನ್, ಟಕ್, ಫಾಲ್ಟಿನ್ಸೆನ್ ಎಂಬ ಮೂವರು ಸಂಶೋಧಕರು 1970ರಲ್ಲಿ ಕೊಟ್ಟ ರೂಪ ಇವತ್ತಿಗೂ ಬಳಕೆಯಲ್ಲಿದೆ. ಉದ್ದನೆಯ ಸಪೂರ ಹಡಗು, ಸಾಧಾರಣ ವೇಗ, ತೀರಾ ದೊಡ್ಡದಲ್ಲದ ಅಲೆ ಇದ್ದರೆ ಹಡಗಿನ ಏರಿಳಿತ ಸಾಕಷ್ಟು ಸರಿಯಾಗಿ ಸಿಗುತ್ತದೆ. ಅದೂ ಸಾಮಾನ್ಯ ಲ್ಯಾಪ್‌ಟಾಪಿನಲ್ಲಿ! ವಿನ್ಯಾಸದ ಶುರುವಿನಲ್ಲಿ ವೇಗ, ದಿಕ್ಕು, ಅಲೆಯ ಉದ್ದ ಬದಲಿಸುತ್ತಾ ನೂರಾರು ಸಲ ಲೆಕ್ಕ ಹಾಕಬೇಕು. ಪ್ರತಿಯೊಂದಕ್ಕೂ ಸಿಎಫ್‌ಡಿ (ನೀರಿನ ಹರಿವನ್ನೇ ಕಂಪ್ಯೂಟರಿನಲ್ಲಿ ವಿವರವಾಗಿ ಲೆಕ್ಕ ಹಾಕುವ ವಿಧಾನ) ಓಡಿಸುತ್ತಾ ಕೂತರೆ ಕೆಲಸ ಮುಗಿಯುವುದು ಯಾವಾಗ?

ಸ್ಟ್ರಿಪ್ ಥಿಯರಿ ನಿಜವಾಗಿ ಸೋಲುವುದು ಪಕ್ಕಕ್ಕೆ ಓಲಾಡುವ ರೋಲ್ ವಿಷಯದಲ್ಲಿ. ಆ ಓಲಾಟ ತಗ್ಗುವುದು ಮುಖ್ಯವಾಗಿ ನೀರಿನ ಸ್ನಿಗ್ಧತೆ (ಅಂಟುತನ), ಸುಳಿಗಳಿಂದ. ಈ ಥಿಯರಿಯಲ್ಲಿ ಅವೆರಡೂ ಇಲ್ಲ. ಹಡಗಿನ ಮೈಯನ್ನು ಸಣ್ಣ ಸಣ್ಣ ಚೌಕಗಳಾಗಿ ಒಡೆದು ಲೆಕ್ಕ ಹಾಕುವ ಪ್ಯಾನೆಲ್ ವಿಧಾನದಲ್ಲೂ ಇಲ್ಲ, ಪುಟ್ಟ ಮಾದರಿ ಹಡಗಿನ ಪರೀಕ್ಷೆಯ ಅಂಕಿ ನೋಡಿ ಹೊರಗಿನಿಂದ ಸೇರಿಸಬೇಕು. 1998ರಲ್ಲಿ ಎಪಿಎಲ್ ಚೈನಾ ಹಡಗು ಎದುರಲೆಯಲ್ಲೇ ವಿಪರೀತ ಓಲಾಡಿ ನೂರಾರು ಕಂಟೇನರ್ ಕಳೆದುಕೊಂಡಿತಲ್ವಾ, ಅಂಥ ಪ್ಯಾರಾಮೆಟ್ರಿಕ್ ರೋಲ್ (ಅಲೆ ಹಾದುಹೋಗುವಾಗ ಹಡಗಿನ ಸ್ಥಿರತೆ ಏರಿಳಿದು ಬೆಳೆಯುವ ಓಲಾಟ) ಸರಳ ಲೀನಿಯರ್ ಲೆಕ್ಕಕ್ಕೆ, ಅಂದರೆ ಅಲೆ ಇಮ್ಮಡಿಯಾದರೆ ಓಲಾಟವೂ ಇಮ್ಮಡಿ ಎನ್ನುವ ಲೆಕ್ಕಕ್ಕೆ, ಸಿಗುವುದೇ ಇಲ್ಲ. ಮುಂದಿನ ಭಾಗದಲ್ಲಿ ಸುಮ್ನೆ ಬಣ್ಣಬಣ್ಣದ ಸಿಎಫ್‌ಡಿ ಚಿತ್ರ ಹಾಕುವ ಬದಲು ಇದನ್ನು ಬಿಡಿಸಿ ಬರೆಯಿರಿ.