ಗಣಿತ ಮಾಸ್ತರರ ಹೆಸರಿನ ಬಹುಮಾನ ಯಾರಿಗೆ?

ನಮ್ಮ ಹೈಸ್ಕೂಲಿನ ಗಣಿತ ಮಾಸ್ತರರು ಕಳೆದ ತಿಂಗಳು ತೀರಿಕೊಂಡರು. ಹದಿಮೂರನೆಯ ದಿನ ಕಳೆಯುವ ಮೊದಲೇ ಹಳೆಯ ವಿದ್ಯಾರ್ಥಿಗಳ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಒಂದು ತೀರ್ಮಾನವಾಗಿದೆ: ಎಸ್ಸೆಸ್ಸೆಲ್ಸಿ ಗಣಿತದಲ್ಲಿ ನೂರಕ್ಕೆ ನೂರು ತೆಗೆದ ತಾಲ್ಲೂಕಿನ ಮಕ್ಕಳಿಗೆ ಪ್ರತಿ ವರ್ಷ ಅವರ ಹೆಸರಿನಲ್ಲಿ ನಗದು ಬಹುಮಾನ, ಶಾಲು, ಫಲಕ. ಬೆಂಗಳೂರು, ಹೈದರಾಬಾದ್, ದುಬೈಗಳಲ್ಲಿ ಇರುವವರು ಹಣ ಹಾಕಲು ಮುಂದೆ ಬಂದಿದ್ದಾರೆ. ಒಳ್ಳೆಯ ಮನಸ್ಸಿನಿಂದಲೇ ಬಂದಿದ್ದಾರೆ, ಅದರಲ್ಲಿ ಎರಡು ಮಾತಿಲ್ಲ. ನಾನು ಮಾತ್ರ ಬೇಡ ಎಂದೆ. ಗುಂಪಿನಲ್ಲಿ ಎರಡು ಸಾಲಿನಲ್ಲಿ ಬರೆದದ್ದು ಜಗಳದಂತೆ ಕಾಣಿಸಿತು. ಆದ್ದರಿಂದ ಇಲ್ಲಿ ಉದ್ದಕ್ಕೆ ಬರೆಯುತ್ತಿದ್ದೇನೆ.

ಸರ್ ಅವರನ್ನು ನೋಡದವರಿಗಾಗಿ ಸ್ವಲ್ಪ ಹೇಳಬೇಕು. ನಮ್ಮದು ಕಲಬುರಗಿ ಜಿಲ್ಲೆಯ ಸೇಡಂ ತಾಲ್ಲೂಕಿನ ಸರ್ಕಾರಿ ಶಾಲೆ. ಕಾಗಿಣಾ ನದಿಯ ಆಚೆ ಈಚೆಯ ಹಳ್ಳಿ, ತಾಂಡಾಗಳ ಮಕ್ಕಳೆಲ್ಲ ಅಲ್ಲಿಗೇ ಬರುತ್ತಿದ್ದರು. ಊರಿಗೆಲ್ಲ ಅವರು ‘ಗಣಿತ ಮಾಸ್ತರರು’. ಹೆಸರು ಹಿಡಿದು ವಿಚಾರಿಸಿದರೆ ಅಂಚೆಯವರೂ ಒಂದು ಗಳಿಗೆ ಯೋಚಿಸುತ್ತಿದ್ದರು. ಕೈಬರಹ ಎಷ್ಟು ಕೆಟ್ಟದಾಗಿತ್ತೆಂದರೆ, ಅವರು ಹಲಗೆಯ ಮೇಲೆ ಬರೆದದ್ದು ನಾಲ್ಕೋ ಒಂಬತ್ತೋ ಎಂದು ತಿಳಿಯಲು ಲೆಕ್ಕವನ್ನು ಕೊನೆಯವರೆಗೂ ಮಾಡಿಯೇ ನೋಡಬೇಕಿತ್ತು. ಅವರಿಗೆ ಗಣಿತ ಕಲಿಸಿದವರು ನಿಜಾಮರ ಕಾಲದಲ್ಲಿ ಉರ್ದು ಮಾಧ್ಯಮದಲ್ಲಿ ಓದಿದವರಂತೆ. ಹಾಗಾಗಿ ಸರ್ ಬಾಯಲ್ಲಿ ‘ಜಮಾ’ (ಕೂಡುವುದು), ‘ಜರ್ಬು’ (ಗುಣಿಸುವುದು) ಎಂಬ ಮಾತುಗಳು ಕೊನೆಯವರೆಗೂ ಉಳಿದಿದ್ದವು. ಮನೆಯಲ್ಲಿ ತೆಲುಗು, ಉರ್ದು, ಲಂಬಾಣಿ ಮಾತಾಡುವ ಮಕ್ಕಳ ಮಗ್ಗಿಗಳೆಲ್ಲ ಅವರಿಗೆ ಬರುತ್ತಿದ್ದವು.

ನಮ್ಮ ತರಗತಿಯ ಹಲಗೆ ಸಣ್ಣದು. ಆದರೆ ನೆಲಕ್ಕೆ ಶಹಾಬಾದ್ ಕಲ್ಲಿನ ಚೌಕ ಪರಸಿ ಹಾಸಿತ್ತು. ಸರ್ ಪಂಚೆ ಮೇಲಕ್ಕೆತ್ತಿ ಕಟ್ಟಿ, ನೆಲದ ಮೇಲೆ ಕುಕ್ಕರುಗಾಲಿನಲ್ಲಿ ಕುಳಿತು ಸುಣ್ಣದ ಕಡ್ಡಿ ಕೈಗೆ ಕೊಡುತ್ತಿದ್ದರು. “ಈ ಕಲ್ಲು ಎರಡಡಿ ಚೌಕ. ಇದರ ಎರಡರಷ್ಟು ಕ್ಷೇತ್ರಫಲದ ಚೌಕ ಬರೆ ನೋಡೋಣ.” ಎಲ್ಲರೂ ಬಾಹುವನ್ನೇ ಎರಡರಷ್ಟು ಮಾಡುತ್ತಿದ್ದೆವು. “ಕಲ್ಲು ಎಣಿಸು ತಮ್ಮಾ. ನಾಲ್ಕಾಯಿತಲ್ಲ? ನಾನು ಕೇಳಿದ್ದು ಎರಡು.” ಆಮೇಲೆ ಆ ನಾಲ್ಕೂ ಕಲ್ಲುಗಳಿಗೆ ಒಂದೊಂದು ಕರ್ಣ ಎಳೆಸುತ್ತಿದ್ದರು. ನಡುವೆ ಓರೆಯಾಗಿ ಒಂದು ಚೌಕ ಮೂಡುತ್ತಿತ್ತು. ಅದರೊಳಗೆ ನಾಲ್ಕು ಅರ್ಧ ಕಲ್ಲು, ಅಂದರೆ ಸರಿಯಾಗಿ ಎರಡು. ಅದರ ಬಾಹು ಅಳೆದರೆ ಎರಡಡಿ ಹತ್ತು ಅಂಗುಲಕ್ಕೆ ಕೂದಲೆಳೆಯಷ್ಟು ಕಡಿಮೆ. “ಈ ಕಡಿಮೆ ಎಷ್ಟು ಎಂದು ದಶಾಂಶದಲ್ಲಿ ಬರೆಯಲು ಕುಳಿತರೆ ನಿನ್ನ ಮೊಮ್ಮಕ್ಕಳ ಕಾಲಕ್ಕೂ ಮುಗಿಯುವುದಿಲ್ಲ” ಎಂದು ನಗುತ್ತಿದ್ದರು. ಎರಡರ ವರ್ಗಮೂಲವನ್ನು, ಅಭಾಗಲಬ್ಧ ಸಂಖ್ಯೆಯನ್ನು ನಾವು ಕಂಡದ್ದು ಆ ನೆಲದ ಮೇಲೆ.

ಅವರ ಪಾಠದ ವೇಳಾಪಟ್ಟಿ ಇಲಾಖೆಯದ್ದಾಗಿರಲಿಲ್ಲ, ತೊಗರಿಯದಾಗಿತ್ತು. ದೀಪಾವಳಿ ಮುಗಿದರೆ ತಾಂಡಾಗಳಿಂದ ಮುಂಬೈ, ಪುಣೆಯ ಕಡೆಗೆ ಗುಳೆ ಶುರು. ಡಿಸೆಂಬರಿನಲ್ಲಿ ತೊಗರಿ ಕೊಯ್ಲು. ತರಗತಿ ಅರ್ಧ ಖಾಲಿ. ಆದ್ದರಿಂದ ನಕ್ಷೆ, ರಚನೆ, ಪ್ರಮೇಯಗಳನ್ನು ದಸರೆಗೆ ಮೊದಲೇ ಮುಗಿಸಿಬಿಡುತ್ತಿದ್ದರು. ಪುಸ್ತಕದ ಅಧ್ಯಾಯಗಳ ಕ್ರಮವನ್ನು ಏಕೆ ಮೀರಿದಿರಿ ಎಂದು ಒಮ್ಮೆ ತಪಾಸಣೆಗೆ ಬಂದವರು ಕೇಳಿದಾಗ, “ಮಕ್ಕಳು ಇರುವಾಗ ಪಾಠ ಮಾಡುತ್ತೇನೆ ಸಾಹೇಬರೇ” ಎಂದು ಹೇಳಿ ಮತ್ತೆ ಹಲಗೆಯ ಕಡೆಗೆ ತಿರುಗಿದ್ದರು.

ಬಡ್ಡಿಯ ಅಧ್ಯಾಯವನ್ನು ಮಾತ್ರ ಯಾರೂ ತಪ್ಪಿಸಿಕೊಳ್ಳುವಂತಿರಲಿಲ್ಲ. ಪುಸ್ತಕದಲ್ಲಿ ವರ್ಷಕ್ಕೆ ಶೇಕಡಾ ಎಂಟು, ಹತ್ತು ಎಂದಿರುತ್ತಿತ್ತು. ನಮ್ಮೂರಿನಲ್ಲಿ ನಡೆಯುತ್ತಿದ್ದದ್ದು ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ. “ಮೂರೇ ರೂಪಾಯಿ ಎನ್ನುತ್ತಾರೆ. ವರ್ಷಕ್ಕೆ ಮೂವತ್ತಾರು ಎಂದು ಯಾರೂ ಹೇಳುವುದಿಲ್ಲ.” ಹತ್ತು ಸಾವಿರಕ್ಕೆ ಮೂರು ವರ್ಷದ ಲೆಕ್ಕ ಮಾಡಿಸುತ್ತಿದ್ದರು: ಸರಳ ಬಡ್ಡಿಯಾದರೆ ಒಟ್ಟು 20,800 ರೂಪಾಯಿ, ಬಡ್ಡಿ ಕಟ್ಟದೆ ಅದು ಪ್ರತಿ ತಿಂಗಳೂ ಅಸಲಿಗೆ ಸೇರುತ್ತ ಹೋದರೆ 28,982. ಆ ಎರಡನೆಯ ಅಂಕಿ ಬಂದಾಗ ತರಗತಿ ಗಪ್ಪಾಗುತ್ತಿತ್ತು. ಸಾಲದ ಚೀಟಿ ಇಲ್ಲದ ಮನೆ ನಮ್ಮಲ್ಲಿ ಯಾರದಿತ್ತು?

ಮೊನ್ನೆಯ ಶ್ರದ್ಧಾಂಜಲಿ ಸಭೆಯಲ್ಲಿ ಎಂಜಿನಿಯರುಗಳು, ಡಾಕ್ಟರುಗಳು ಚೆನ್ನಾಗಿ ಮಾತನಾಡಿದರು. ನನಗೆ ನೆನಪುಳಿದದ್ದು ಸ್ವಸಹಾಯ ಸಂಘ ನಡೆಸುವ ಒಬ್ಬ ಅಕ್ಕನ ಮಾತು. ಹತ್ತನೆಯ ತರಗತಿಯ ಗಣಿತದಲ್ಲಿ ಫೇಲಾಗಿ, ಸರ್ ಮನೆಯ ಪಡಸಾಲೆಯಲ್ಲಿ ಕಲಿತು ಪಾಸಾದವರು. ಸಂಘದ ಹೆಂಗಸರಿಗೆ ಸಾಲ ಕೊಡಲು ಬಂದವರು ‘ವರ್ಷಕ್ಕೆ ಬರೀ ಹನ್ನೆರಡು’ ಎಂದರಂತೆ. ಐವತ್ತು ಸಾವಿರ ಸಾಲ, ಆರು ಸಾವಿರ ಬಡ್ಡಿ, ಹನ್ನೆರಡು ಕಂತು. ಈ ಅಕ್ಕ ಕಾಗದ ಕೇಳಿ ಕುಳಿತರು. ಆರು ಕಂತು ಕಟ್ಟಿದ ಮೇಲೆ ಅರ್ಧ ಅಸಲು ತೀರಿರುತ್ತದೆ, ಬಡ್ಡಿ ಮಾತ್ರ ಪೂರ್ತಿ ಐವತ್ತು ಸಾವಿರಕ್ಕೇ ಹಾಕುತ್ತೀರಲ್ಲ, ಇದು ಹನ್ನೆರಡು ಹೇಗಾಯಿತು ಎಂದು ಕೇಳಿದರು. ಬಂದವರ ಹತ್ತಿರ ಉತ್ತರವಿರಲಿಲ್ಲ. ಉಳಿಯುವ ಅಸಲಿನ ಮೇಲೆ ಲೆಕ್ಕ ಹಾಕಿದರೆ ಅದು ಶೇಕಡಾ ಇಪ್ಪತ್ತೊಂದನ್ನು ದಾಟುತ್ತದೆ. ನಾನು ಮನೆಗೆ ಬಂದು ಲೆಕ್ಕ ಮಾಡಿ ನೋಡಿದೆ. “ಮೊದಲು ದತ್ತ, ಅಂದರೆ ಕೊಟ್ಟಿದ್ದನ್ನು ಬರೆ, ಆಮೇಲೆ ಸಾಧನೀಯ, ಅಂದರೆ ಸಾಧಿಸಬೇಕಾದದ್ದನ್ನು ಬರೆ ಎಂದು ಸರ್ ಹೇಳುತ್ತಿದ್ದರು. ನಾನು ಅಷ್ಟೇ ಮಾಡಿದೆ” ಎಂದರು ಅಕ್ಕ. ಅವರ ಅಂಕಪಟ್ಟಿ ಯಾವ ಫಲಕಕ್ಕೂ ಅರ್ಹವಲ್ಲ.

ಮಳಖೇಡದ ಮಾತನ್ನು ಬಿಟ್ಟರೆ ಸರ್ ಬಗ್ಗೆ ಬರೆದಂತಾಗುವುದಿಲ್ಲ. ಪ್ರತಿ ತಂಡವನ್ನೂ ಅವರು ಅಲ್ಲಿನ ಕೋಟೆಗೆ ಕರೆದೊಯ್ಯುತ್ತಿದ್ದರು. ಇತಿಹಾಸದ ಮಾಸ್ತರರು ರಾಷ್ಟ್ರಕೂಟರ ಮಾನ್ಯಖೇಟ, ಕವಿರಾಜಮಾರ್ಗ ಎಂದು ಹೇಳಿ ಮುಗಿಸಿದ ಮೇಲೆ ಇವರ ಸರದಿ. ಅದೇ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಒಂಬತ್ತನೆಯ ಶತಮಾನದಲ್ಲಿ, ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ ಬರೆದ. ಜ್ಯೋತಿಷದ ಬಾಲವಾಗಿದ್ದ ಗಣಿತಕ್ಕೇ ಒಂದು ಇಡೀ ಗ್ರಂಥ ಮೀಸಲಿಟ್ಟ. ಋಣಸಂಖ್ಯೆಗೆ ವರ್ಗಮೂಲ ಇರಲಾರದು ಎಂದು ಆಗಲೇ ಹೇಳಿದ. ಇಷ್ಟಾದ ಮೇಲೆ ಸರ್ ಮುಖ ಅರಳುತ್ತಿತ್ತು: “ಇಂಥವನೂ ಒಂದು ತಪ್ಪು ಮಾಡಿದ. ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಅದು ಹಾಗೆಯೇ ಉಳಿಯುತ್ತದೆ ಎಂದು ಬರೆದ. ಸಾವಿರದ ಇನ್ನೂರು ವರ್ಷವಾಗುತ್ತ ಬಂತು, ಇನ್ನೂ ಅವನನ್ನು ಓದುತ್ತಾರೆ. ನಿನ್ನ ತಪ್ಪಿಗೆ ಯಾಕೆ ಹಾಳೆ ಹರಿಯುತ್ತೀಯ?” ತಪ್ಪು ಲೆಕ್ಕವನ್ನು ಅಳಿಸಲು ಅವರು ಬಿಡುತ್ತಿರಲಿಲ್ಲ. ಒಂದು ಗೆರೆ ಎಳೆದು ಕೆಳಗೆ ಮತ್ತೆ ಬರೆಯಬೇಕು.

ಅವರನ್ನು ದೇವರು ಮಾಡುವ ಇಚ್ಛೆ ನನಗಿಲ್ಲ. ಚುರುಕಾಗಿದ್ದ ಮಕ್ಕಳಿಗೆ ಅವರಿಂದ ಅನ್ಯಾಯವಾಯಿತೆಂದೇ ನನ್ನ ಅಭಿಪ್ರಾಯ. “ನಿನಗೆ ಬರುತ್ತದೆ, ನೀನೇ ನೋಡಿಕೋ” ಎಂದು ಅವರನ್ನು ಹಿಂದಿನ ಬೆಂಚಿಗೆ ಕಳಿಸಿಬಿಡುತ್ತಿದ್ದರು. ಇನ್ನೂ ಮೇಲೆ ಹೋಗಬಹುದಾಗಿದ್ದ ಒಂದಿಬ್ಬರು ಅಲ್ಲಿಯೇ ನಿಂತರು. ಸಿಟ್ಟು ಬಂದರೆ ಸುಣ್ಣದ ಕಡ್ಡಿ ಹಾರಿ ಬರುತ್ತಿತ್ತು. ತ್ರಿಕೋನಮಿತಿ ಅವರಿಗೆ ಬೇಸರ. ಸೂತ್ರ ಬರೆಸಿ, ಬಾಯಿಪಾಠ ಮಾಡಿ ಎಂದು ಮುಂದಿನ ಪಾಠಕ್ಕೆ ಓಡುತ್ತಿದ್ದರು.

ಆದರೆ ಫಲಿತಾಂಶ ಬಂದ ಮರುದಿನ ಅವರು ಹೋಗುತ್ತಿದ್ದದ್ದು ಫೇಲಾದವರ ಮನೆಗೆ. ನಿವೃತ್ತರಾದ ಮೇಲೂ ಇದು ನಿಲ್ಲಲಿಲ್ಲ. ಮೇ ತಿಂಗಳ ಬಿಸಿಲಿನಲ್ಲಿ ಛತ್ರಿ ಹಿಡಿದು ಬಾಗಿಲಲ್ಲಿ ನಿಂತು, “ನಾಳೆ ಪ್ರಶ್ನೆಪತ್ರಿಕೆ ತೆಗೆದುಕೊಂಡು ಬಾ ತಂಗೀ” ಎನ್ನುತ್ತಿದ್ದರು. ಪಡಸಾಲೆಯಲ್ಲಿ ಮೊದಲ ಕೆಲಸ, ಆ ಪತ್ರಿಕೆಯಲ್ಲಿ ಗೊತ್ತಿರುವ ಪ್ರಶ್ನೆಗಳಿಗೆ ಗುರುತು ಹಾಕುವುದು. ಏನೂ ಗೊತ್ತಿಲ್ಲ ಎಂದು ಬಂದವರ ಪತ್ರಿಕೆಯಲ್ಲೂ ಐದಾರು ಗುರುತು ಬೀಳುತ್ತಿದ್ದವು.

ಈಗ ಬಹುಮಾನದ ವಿಷಯ. 2024ರ ಎಸ್ಸೆಸ್ಸೆಲ್ಸಿ ಮೊದಲ ಪರೀಕ್ಷೆಯಲ್ಲಿ ರಾಜ್ಯದ ಕೊನೆಯ ಸ್ಥಾನ ಯಾದಗಿರಿ ಜಿಲ್ಲೆಗೆ, ಪಾಸಾದವರು ಶೇ 50.59. 2025ರಲ್ಲಿ ಆ ಸ್ಥಾನ ನಮ್ಮ ಕಲಬುರಗಿಗೆ, ಶೇ 42.43, ಅದೇ ವರ್ಷ ದಕ್ಷಿಣ ಕನ್ನಡದ್ದು ಶೇ 91.12. ಅಂದರೆ ನಮ್ಮಲ್ಲಿ ನೂರಕ್ಕೆ ಐವತ್ತೇಳಕ್ಕೂ ಹೆಚ್ಚು ಮಕ್ಕಳು ಮೊದಲ ಸಲ ಪಾಸಾಗಲಿಲ್ಲ. ನೂರಕ್ಕೆ ನೂರು ತೆಗೆಯುವ ಮಗುವಿಗೆ ಕಾಲೇಜುಗಳು, ಸಂಘಗಳು, ಪತ್ರಿಕೆಯವರು ತಾವಾಗಿಯೇ ಬರುತ್ತಾರೆ. ನಮ್ಮ ಶಾಲು ಅದಕ್ಕೆ ಒಂಬತ್ತನೆಯದೋ ಹತ್ತನೆಯದೋ ಆಗುತ್ತದೆ. ಈಗ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ. ಒಂದಕ್ಕೂ ಇನ್ನೊಂದಕ್ಕೂ ನಡುವೆ ಸಿಗುವ ಕೆಲವೇ ವಾರಗಳಲ್ಲಿ ಆ ಐವತ್ತೇಳು ಮಂದಿಯ ಬಾಗಿಲಿಗೆ ಯಾರು ಹೋಗುತ್ತಾರೆ? ಖಾಲಿ ಹುದ್ದೆಯ ಜಾಗದಲ್ಲಿ ದುಡಿಯುವ ಅತಿಥಿ ಶಿಕ್ಷಕರಿಗೆ ಬೇಸಿಗೆಯಲ್ಲಿ ಸಂಬಳವೇ ಇರುವುದಿಲ್ಲ.

ನನ್ನ ಸಲಹೆ ಇಷ್ಟು. ಕೂಡಿದ ಹಣದಲ್ಲಿ ಇಬ್ಬರು ಅತಿಥಿ ಶಿಕ್ಷಕರಿಗೆ ಬೇಸಿಗೆಯ ಸಂಬಳ ಕೊಡೋಣ. ಸರ್ ಮನೆಯವರು ಪಡಸಾಲೆ ಕೊಡಲು ಒಪ್ಪಿದ್ದಾರೆ. ಒಂದು ದೊಡ್ಡ ಹಲಗೆ, ಒಂದು ಕೂಲರ್, ಮಧ್ಯಾಹ್ನದ ಊಟ ಸಾಕು. ಊಟದ ಜವಾಬ್ದಾರಿಯನ್ನು ಆ ಸಂಘದ ಅಕ್ಕಂದಿರೇ ಹೊತ್ತಿದ್ದಾರೆ. ಬಡ್ಡಿಯ ಪಾಠವನ್ನೂ ತಾವೇ ಮಾಡುವುದಾಗಿ ಹೇಳಿದ್ದಾರೆ, ಅದು ಈಗಿನ ಪುಸ್ತಕದಲ್ಲಿ ಇರಲಿ ಬಿಡಲಿ. ಊರಿನಲ್ಲಿ ಉಳಿದಿರುವ ನಾವು ಕೆಲವರು ಬೀಜಗಣಿತ, ರೇಖಾಗಣಿತ ಹಂಚಿಕೊಂಡಿದ್ದೇವೆ. ತ್ರಿಕೋನಮಿತಿಗೆ ಯಾರಾದರೂ ಹೊರಗಿನಿಂದಲೇ ಬರಬೇಕು, ಸರ್ ಶಿಷ್ಯರಲ್ಲಿ ಅದು ಸರಿಯಾಗಿ ಬರುವವರು ಯಾರೂ ಇಲ್ಲ.