ಕಾಫಿಗೆ ಹಾಕಿ, ಟೀಗೆ ಬೇಡ

ಮೊದಲೇ ಹೇಳ್ಬಿಡ್ತೀನಿ, ಇದನ್ನ ಮಾವನಿಗೆ ಪೂರ್ತಿ ಓದಿ ಹೇಳಿ, ಅವ್ರು ಹೂಂ ಅಂದ್ಮೇಲೇ ಹಾಕ್ತಿರೋದು. ಊರ ಹೆಸರು ಬೇಡ, ಡಾಕ್ಟರ ಹೆಸರು ಬೇಡ ಅಂದ್ರು. "ಟೈಲರ್ ಅಂತ ಬೇಕಾದ್ರೆ ಹಾಕ್ಕೋ, ಟೈಲರ್‌ಗಳು ಊರಿಗೆ ಹತ್ತು ಜನ ಇರ್ತಾರೆ" ಅಂದ್ರು.

ಮಾವ ಅಂದ್ರೆ ನಮ್ಮಮ್ಮನ ತಮ್ಮ. ಮದುವೆ ಆಗಿಲ್ಲ, ಮೊದಲಿಂದ ನಮ್ಮನೇಲೇ ಇರೋದು, ಬಸ್‌ಸ್ಟ್ಯಾಂಡ್ ಹಿಂದುಗಡೆ ಸಣ್ಣ ಅಂಗಡಿ. 2013ರ ಸುಮಾರಿಗೆ ಅವ್ರಿಗೆ ದನಿಗಳು ಕೇಳ್ಸೋಕೆ ಶುರುವಾಯ್ತು. ರಾತ್ರಿ ಎರಡು ಗಂಟೆಗೆ ಎದ್ದು ಹಿತ್ತಲ ಬಾಗಿಲ ಹತ್ರ ನಿಂತು ಯಾರ ಜೊತೇಲೋ ಜಗಳ ಆಡೋರು. ಒಂದಿನ ಕತ್ತರಿ ಹಿಡ್ಕೊಂಡು ಎದುರುಮನೆಯವರ ಮೇಲೆ ಹೋಗಿದ್ರು, ಏನೂ ಆಗ್ಲಿಲ್ಲ, ಆದ್ರೆ ಆಗ್ಬಹುದಿತ್ತು. ಇದನ್ನ ಯಾಕೆ ಹೇಳ್ತಿದೀನಿ ಅಂದ್ರೆ, ಆಮೇಲೆ ಯಾರೂ ಬಂದು "ಎಲ್ಲಾ ಡಾಕ್ಟರ್‌ಗಳ ಸೃಷ್ಟಿ, ಕಾಯಿಲೇನೇ ಇಲ್ಲ" ಅಂತ ಕಾಮೆಂಟ್ ಹಾಕ್ಬಾರ್ದು. ಕಾಯಿಲೆ ಇತ್ತು. ನಾವು ನೋಡಿದೀವಿ.

ದೇವಸ್ಥಾನ, ತಾಯತ, ಮಂತ್ರಿಸಿದ ನಿಂಬೆಹಣ್ಣು ಎಲ್ಲಾ ಮುಗಿದ ಮೇಲೆ ಜಿಲ್ಲಾ ಕೇಂದ್ರದಲ್ಲಿ ಒಬ್ಬ ಪ್ರೈವೇಟ್ ಡಾಕ್ಟರ ಹತ್ರ ಹೋದ್ವಿ. ಮೂರು ಗಂಟೆ ಕಾದಿದ್ದು, ಒಳಗಿದ್ದಿದ್ದು ಐದು ನಿಮಿಷ. ಮಾವ ಸ್ಟೂಲ್ ಮೇಲೆ ಕೂತಿದ್ರು, ಡಾಕ್ಟರು ಮಾತಾಡಿದ್ದು ಪೂರ್ತಿ ನಮ್ಮಪ್ಪನ ಜೊತೆ. "ನಿದ್ದೆ ಮಾಡ್ತಾರಾ? ಊಟ ಮಾಡ್ತಾರಾ? ಬೈತಾರಾ?" ಅಂತ. ಸ್ಟೂಲ್ ಮೇಲೆ ಕೂತಿರೋ ಮನುಷ್ಯನಿಗೆ ಬಾಯಿ ಇದೆ ಅನ್ನೋದು ಯಾರಿಗೂ ನೆನಪಾಗ್ಲಿಲ್ಲ, ನಮಗೂ ಆಗ್ಲಿಲ್ಲ ಬಿಡಿ. ಮಾತ್ರೆ ಕೊಟ್ರು, ಮಾವ ಎರಡು ದಿನ ನುಂಗಿ ಮೂರನೇ ದಿನದಿಂದ ಹಿತ್ತಲಿಗೆ ಎಸೆಯೋಕೆ ಶುರು ಮಾಡಿದ್ರು. ವಾಪಸ್ ಹೋಗಿ ಹೇಳಿದ್ದಕ್ಕೆ ಡಾಕ್ಟರು "ಹನಿ ಬರ್ಕೊಡ್ತೀನಿ, ಬಣ್ಣ ಇಲ್ಲ ವಾಸನೆ ಇಲ್ಲ, ಅವ್ರಿಗೆ ಹೇಳೋಕೆ ಹೋಗ್ಬೇಡಿ, ಕಾಫಿಗೆ ಹಾಕಿ, ಟೀಗೆ ಬೇಡ" ಅಂದ್ರು. (ಅದು ಸರೀನೇ, ರಿಸ್ಪೆರಿಡೋನ್ ಹನಿ ಟೀ ಜೊತೆ, ಕೋಲಾ ಜೊತೆ ಹೊಂದಲ್ಲ. ನೀರು, ಕಾಫಿ ಆದ್ರೆ ಪರವಾಗಿಲ್ಲ.)

ಅವತ್ತಿಂದ ನಮ್ಮನೇಲಿ ಕಾಫಿ ಮಾಡೋದು ನನ್ನ ಕೆಲಸ ಆಯ್ತು. ಬಾಟ್ಲಿ ಅಕ್ಕಿ ಡಬ್ಬದ ಹಿಂದೆ ಇರೋದು. ಅಳತೆಗೆ ಒಂದು ಪ್ಲಾಸ್ಟಿಕ್ ಪಿಚಕಾರಿ. ಮೊದಲು 2 ಎಂಎಲ್, ಆಮೇಲೆ 3, ಆಮೇಲೆ 4. ಮಾವನ ಲೋಟ ಬೇರೆ, ಅಂಚು ಸ್ವಲ್ಪ ನೆಗ್ಗಿರೋದು, ಗುರುತಿಗೆ. ನಿಜ ಹೇಳ್ಬೇಕು ಅಂದ್ರೆ ಔಷಧ ಕೆಲಸಾನೂ ಮಾಡ್ತು, ತಿಂಗಳು ಎರಡು ತಿಂಗಳಲ್ಲಿ ರಾತ್ರಿ ಜಗಳ ನಿಂತೋಯ್ತು, ಅಮ್ಮ ಧರ್ಮಸ್ಥಳದ ಹರಕೆ ತೀರ್ಸಿದ್ರು.

ಆದ್ರೆ ಸ್ವಲ್ಪ ದಿನಕ್ಕೆ ಮಾವ ಲೋಟ ಅದಲು ಬದಲು ಮಾಡೋಕೆ ಶುರು ಮಾಡಿದ್ರು. ನಾನು ಕೊಟ್ಟ ಲೋಟ ತಗೊಂಡು, ನಾನು ಆ ಕಡೆ ತಿರುಗಿದ್ರೆ ಸಾಕು, ಅಪ್ಪನ ಲೋಟದ ಜೊತೆ ಬದಲಾಯ್ಸೋರು. ಅಪ್ಪ ಒಂದಿನ ಅದನ್ನೇ ಕುಡಿದು ಮಧ್ಯಾಹ್ನದವರೆಗೂ ಎದ್ದೇಳ್ಲಿಲ್ಲ. "ಏನ್ ಹಾಕಿದೀಯ ಇದ್ರಲ್ಲಿ, ನಿಜ ಹೇಳು ಪುಟ್ಟಿ" ಅಂತ ಮಾವ ನನ್ನ ಮುಖ ನೋಡಿ ಕೇಳಿದಾರೆ, ಒಂದು ಸಲ ಅಲ್ಲ. ನಾನು "ಅಯ್ಯೋ ಏನಿಲ್ಲ ಮಾವ, ಚಿಕೋರಿ ಜಾಸ್ತಿ ಆಗಿದೆ" ಅಂದಿದೀನಿ. ಅಷ್ಟೊತ್ತಿಗೆ ನಾನು ಬಿ.ಎಡ್ ಓದ್ತಿದ್ದೆ, ಮಕ್ಕಳಿಗೆ ಸತ್ಯ ಹೇಳ್ಕೊಡೋ ಕೆಲಸಕ್ಕೆ.

ಇನ್ನೊಂದು ಕಡೆ ಅವ್ರ ಕೈ ನಡುಗೋಕೆ ಶುರುವಾಯ್ತು. ಸೂಜಿಗೆ ದಾರ ಪೋಣಿಸೋಕಾಗಲ್ಲ. ದಾರದ ತುದಿನ ಬಾಯಲ್ಲಿ ಒದ್ದೆ ಮಾಡ್ಕೊಂಡು, ಸೂಜಿನ ಬೆಳಕಿಗೆ ಹಿಡಿದು, ಹತ್ತು ಸಲ ಪ್ರಯತ್ನ ಪಟ್ಟು ಕೊನೆಗೆ ಪಕ್ಕದ ಕಟಿಂಗ್ ಶಾಪಿನ ಹುಡುಗನ್ನ ಕರೆಯೋರು. ಬ್ಲೌಸ್ ಹೊಲಿಸೋಕೆ ಬರ್ತಿದ್ದ ಹೆಂಗಸರು ಒಬ್ಬೊಬ್ಬರಾಗಿ ಬೇರೆ ಕಡೆ ಹೋದ್ರು. ಈ ಥರದ ಔಷಧಕ್ಕೆ ಕೈ ನಡುಗೋದು, ಮೈ ಬಿಗಿಯಾಗೋದು, ಜೊಲ್ಲು ಬರೋದು ಹೊಸ ವಿಷ್ಯ ಅಲ್ಲ, ಮೆದುಳಲ್ಲಿ ಡೋಪಮಿನ್ ಅನ್ನೋದರ ಕೆಲಸ ತಡೆದಾಗ ಆಗೋದೇ ಅದು, ಡೋಸ್ ಇಳಿಸಬಹುದು, ಔಷಧ ಬದಲಾಯಿಸಬಹುದು, ಎಂಬಿಬಿಎಸ್ ಓದಿದೋರಿಗೆಲ್ಲ ಗೊತ್ತಿರುತ್ತೆ. ಆದ್ರೆ ಮಾವನಿಗೆ ಹೇಗೆ ಗೊತ್ತಾಗ್ಬೇಕು? ಅವ್ರ ಲೆಕ್ಕದಲ್ಲಿ ಅವ್ರು ಯಾವ ಔಷಧಾನೂ ತಗೋತಿಲ್ಲ! ಔಷಧ ಇಲ್ದೆ ಕೈ ನಡುಗುತ್ತೆ ಅಂದ್ರೆ ಮಾಟ ಅಂದ್ಕೊಂಡ್ರು. ಯಾರೋ ಕೈಕಟ್ಟು ಹಾಕ್ಸಿದಾರೆ, ನನ್ನ ಅನ್ನ ಕಿತ್ಕೊಳ್ಳೋಕೆ, ಅಂತ. ನಾವು ಅದನ್ನ ಡಾಕ್ಟರಿಗೆ ಹೇಳಿದ್ವಿ. ಡಾಕ್ಟರು ಸಂಶಯ ಜಾಸ್ತಿ ಆಗ್ತಿದೆ ಅಂತ 3 ಇದ್ದಿದ್ದನ್ನ 4 ಮಾಡಿದ್ರು.

ವರ್ಷಗಳಾದ ಮೇಲೆ ಆ ಫೈಲ್ ನನ್ನ ಕೈಗೆ ಬಂತು. ಒಂದು ಹಾಳೆ ಇದೆ ಅದ್ರಲ್ಲಿ, ಇವತ್ತಿಗೂ ನನ್ನ ಫೋನಲ್ಲಿ ಅದರ ಫೋಟೋ ಇಟ್ಕೊಂಡಿದೀನಿ. ಮೇಲ್ಗಡೆ ಯಾರೋ ಜೂನಿಯರ್ ಬರ್ದಿರೋದು, ಇಂಗ್ಲಿಷಲ್ಲಿ: ಮನೆಯವರು ಊಟದಲ್ಲಿ ಏನೋ ಬೆರೆಸ್ತಾರೆ ಅನ್ನೋ ಭ್ರಮೆ. ಅದೇ ಹಾಳೆ ಕೆಳಗಡೆ ದೊಡ್ಡ ಡಾಕ್ಟರ ಅಕ್ಷರದಲ್ಲಿ: ಹನಿ, 4 ಎಂಎಲ್, ಕಾಫಿಯಲ್ಲಿ.

ಇದಕ್ಕಿಂತ ಜಾಸ್ತಿ ನಾನೇನು ಹೇಳೋಕಾಗಲ್ಲ ಅನ್ಸುತ್ತೆ, ಆದ್ರೂ ಹೇಳ್ತೀನಿ. ಒಂದು ಸಲ ಒಬ್ಬರಿಗೆ ತಲೆ ಸರಿ ಇಲ್ಲ ಅಂತ ಚೀಟಿ ಅಂಟಿಸಿದ್ವಿ ಅಂದ್ರೆ ಆಮೇಲೆ ಅವ್ರು ಹೇಳೋ ನಿಜಾನೂ ಕಾಯಿಲೆ ಲೆಕ್ಕಕ್ಕೇ ಹೋಗುತ್ತೆ. ನನ್ನ ತಕರಾರು ಔಷಧದ ಮೇಲಲ್ಲ. ನನ್ನ ತಕರಾರು ಇರೋದು, ಆ ಮನುಷ್ಯನ್ನ ಒಂದು ಮಾತು ಕೇಳದೇ ಇದ್ದಿದ್ದರ ಮೇಲೆ.

ನಮ್ ಕಡೆ ಬೈಗುಳಾನೇ ನೋಡಿ. ಬೆಂಗಳೂರು ಕಡೆ "ನಿಮ್ಹಾನ್ಸ್‌ಗೆ ಸೇರಿಸ್ಬೇಕು ಇವನ್ನ" ಅಂತಾರೆ, ಉತ್ತರ ಕರ್ನಾಟಕದ ಕಡೆ "ಧಾರವಾಡಕ್ಕ ಕಳಸ್ರಿ" ಅಂತಾರೆ. ಸೇರಿಸ್ಬೇಕು, ಕಳಸ್ರಿ. ಯಾರೋ ಇನ್ನೊಬ್ರು ಮಾಡೋ ಕೆಲಸ ಅದು, ಹೋಗೋನು ಸುಮ್ನೆ ಗಂಟುಮೂಟೆ ಥರ.

ಈಗ ಕಾನೂನಿಗೆ ಬರ್ತೀನಿ. 1912ರ ಬ್ರಿಟಿಷರ ಕಾಲದ್ದು ಹುಚ್ಚರ ಕಾಯ್ದೆ, ಅದು ಹೋಗಿ 1987ರಲ್ಲಿ ಒಂದು ಬಂತು, ಅದೂ ಹೋಗಿ 2017ರಲ್ಲಿ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಅಂತ ಆಯ್ತು, ಜಾರಿಗೆ ಬಂದಿದ್ದು 2018ರ ಮೇ 29. ಪಾಪ, ಕಾಯ್ದೆ ಬರೆದೋರು ತುಂಬಾ ಚೆನ್ನಾಗೇ ಬರ್ದಿದಾರೆ. ಒಪ್ಪಿಗೆ ಅಂದ್ರೆ ಏನು ಅಂತ ಅದ್ರಲ್ಲಿ ಬಿಡಿಸಿ ಹೇಳಿದೆ: ಒತ್ತಾಯ ಇರ್ಬಾರ್ದು, ಬೆದರಿಕೆ ಇರ್ಬಾರ್ದು, ಮೋಸ ಇರ್ಬಾರ್ದು, ಔಷಧದಿಂದ ಆಗೋ ಒಳ್ಳೇದು ಕೆಟ್ಟದ್ದು ಎರಡೂ ಹೇಳಿರ್ಬೇಕು, ಬೇರೆ ದಾರಿ ಏನಿದೆ ಅನ್ನೋದೂ ಹೇಳಿರ್ಬೇಕು, ಅದೂ ಆ ವ್ಯಕ್ತಿಗೆ ಅರ್ಥ ಆಗೋ ಭಾಷೆಲಿ. ನಾನು ಮೋಸ ಅನ್ನೋ ಪದ ಓದಿದ ತಕ್ಷಣ ಆ ನೆಗ್ಗಿದ ಲೋಟ ಕಣ್ಮುಂದೆ ಬಂತು.

ಭಾಷೆ ವಿಷ್ಯ ಅಂತೂ ಕೇಳಲೇಬೇಡಿ. ಕನ್ನಡ ಬಿಟ್ಟು ಬೇರೆ ಬರದ ಮನುಷ್ಯನಿಗೆ ಚೀಟಿ ಇಂಗ್ಲಿಷಲ್ಲಿ, ಮಾತ್ರೆ ಜೊತೆ ಬರೋ ಮಾಹಿತಿ ಕಾಗದ ಇರುವೆ ಸೈಜಿನ ಇಂಗ್ಲಿಷಲ್ಲಿ, ಅಡ್ಮಿಷನ್ ಫಾರಂ ಇಂಗ್ಲಿಷಲ್ಲಿ, ಅದರ ಕೆಳಗೆ "ಇಲ್ಲೊಂದು ಸೈನ್ ಹಾಕಿ" ಅನ್ನೋದು ಮಾತ್ರ ಕನ್ನಡದಲ್ಲಿ. ನವೆಂಬರ್ ಬಂದ್ರೆ ಅಂಗಡಿ ಬೋರ್ಡಿಗೆ ಕಲ್ಲು ಹೊಡೆಯೋ ನಾವು ಇದನ್ನ ಯಾಕೆ ಕೇಳಲ್ಲ ಅಂತ ಗೊತ್ತಿಲ್ಲ.

ಕಾಯ್ದೆಯ 4ನೇ ಸೆಕ್ಷನ್ ನನಗೆ ತುಂಬಾ ಇಷ್ಟ. ಒಬ್ಬ ವ್ಯಕ್ತಿ ತನ್ನ ಟ್ರೀಟ್‌ಮೆಂಟ್ ಬಗ್ಗೆ ತಗೊಂಡ ತೀರ್ಮಾನ ನಿಮಗೆ ತಪ್ಪು ಅನ್ನಿಸ್ತು ಅಂದ ಮಾತ್ರಕ್ಕೆ ಆ ವ್ಯಕ್ತಿಗೆ ತೀರ್ಮಾನ ತಗೊಳ್ಳೋ ಶಕ್ತಿನೇ ಇಲ್ಲ ಅನ್ನೋ ಹಾಗಿಲ್ಲ. ನಮ್ಮಲ್ಲಿ ಇದು ಪೂರ್ತಿ ಉಲ್ಟಾ: ಮಾತ್ರೆ ನುಂಗಿದ್ರೆ ಬುದ್ಧಿ ಬಂದಿದೆ, ಬೇಡ ಅಂದ್ರೆ ಬುದ್ಧಿ ಕೆಟ್ಟಿದೆ. ಯಾಕೆ ಬೇಡ ಅಂತ ಕೇಳೋದೇ ಇಲ್ಲ. ಮಾವ ಮೊದಲ ಸಲ ಮಾತ್ರೆ ಎಸೆದಿದ್ದು ಯಾಕೆ ಗೊತ್ತಾ, ಅದು ತಗೊಂಡ್ರೆ ಬೆಳಿಗ್ಗೆ ಮಷಿನ್ ಮುಂದೆ ತೂಕಡಿಕೆ ಬರ್ತಿತ್ತಂತೆ, ಸೂಜಿ ಬೆರಳಿಗೆ ಹೊಕ್ಕಿತ್ತಂತೆ. ಎಷ್ಟು ಸರಳ ಕಾರಣ. ರಾತ್ರಿ ಹೊತ್ತಿಗೆ ಬದಲಾಯಿಸಿದ್ರೆ ಅರ್ಧ ಸರಿ ಹೋಗ್ತಿತ್ತೇನೋ. ನಮಗೆ ಅದು ಗೊತ್ತಾಗೋಕೆ ಆರು ವರ್ಷ ಬೇಕಾಯ್ತು.

ಇನ್ನೊಂದಿದೆ, ಜಾಸ್ತಿ ಜನಕ್ಕೆ ಗೊತ್ತಿಲ್ಲ. ಕಾಯಿಲೆ ಇದೆ ಅಂತ ಡಾಕ್ಟರು ಬರ್ದ ಮಾತ್ರಕ್ಕೆ ಆ ವ್ಯಕ್ತಿ ಅಸ್ವಸ್ಥಚಿತ್ತ ಅಂತ ಕಾನೂನು ಒಪ್ಪಲ್ಲ, ಅದನ್ನ ಕೋರ್ಟೇ ಹೇಳ್ಬೇಕು. ಪಾಲು ವಿಭಾಗ ಬಂದಾಗ ಅಣ್ಣತಮ್ಮಂದಿರು ಹಳೇ ಚೀಟಿ ಹುಡುಕೋದು, ಡೈವೋರ್ಸಿಗೆ ಗಂಡನ ಕಡೆಯೋರು ಹೆಂಡತಿಯ ಡಿಪ್ರೆಶನ್ ಮಾತ್ರೆ ಫೋಟೋ ತೆಗೆದು ಇಟ್ಕೊಳ್ಳೋದು, ಇದೆಲ್ಲ ನೋಡಿರೋರು ನಿಮ್ಮಲ್ಲೂ ಇರ್ತೀರ. ಹೆಂಗಸರ ಕಥೆ ಬರ್ದ್ರೆ ಅದೇ ಇನ್ನೊಂದು ಪೋಸ್ಟ್ ಆಗುತ್ತೆ.

ಎರ್ವಾಡಿ ನೆನಪಿದೆಯಾ? ತಮಿಳುನಾಡು, 2001ರ ಆಗಸ್ಟ್ 6, ದರ್ಗಾ ಹತ್ರ ಮಾನಸಿಕ ಕಾಯಿಲೆ ಇರೋರನ್ನ ಇಟ್ಟಿದ್ದ ಶೆಡ್ಡಿಗೆ ಬೆಂಕಿ ಬಿದ್ದು 28 ಜನ ಹೋದ್ರು, ಕಾಲಿಗೆ ಸರಪಳಿ ಹಾಕಿದ್ರಿಂದ ಓಡೋಕಾಗ್ಲಿಲ್ಲ. ಈಗಿನ ಕಾಯ್ದೆಲಿ ಸರಪಳಿ ಹಾಕೋದು ನಿಷೇಧ, ಅರಿವಳಿಕೆ ಕೊಡದೆ ಕರೆಂಟ್ ಕೊಡೋದು ನಿಷೇಧ, ಒಂಟಿ ಕೋಣೆಗೆ ಕೂಡಿ ಹಾಕೋದು ನಿಷೇಧ, ಬಲವಂತವಾಗಿ ತಲೆ ಬೋಳಿಸೋ ಹಾಗಿಲ್ಲ. ಒಳ್ಳೇದೇ. ಸರಪಳಿ ಫೋಟೋ ನೋಡಿದ್ರೆ ಎಲ್ರಿಗೂ ಹೊಟ್ಟೆ ಉರಿಯುತ್ತೆ. ಅಕ್ಕಿ ಡಬ್ಬದ ಹಿಂದಿನ ಬಾಟ್ಲಿ ಫೋಟೋ ಯಾರು ತೆಗೀತಾರೆ, ಅದನ್ನ ಪ್ರೀತಿ ಅಂತೀವಿ. ಪ್ರೀತಿನೇ ಅದು, ಸುಳ್ಳಲ್ಲ, ಅದೇ ಕಷ್ಟ.

ಡಾಕ್ಟರ ಕಡೆಯಿಂದಾನೂ ಯೋಚನೆ ಮಾಡಿದೀನಿ. 1 ಲಕ್ಷ ಜನಕ್ಕೆ 1 ಸೈಕಿಯಾಟ್ರಿಸ್ಟ್ ಕೂಡ ಇಲ್ಲದ ದೇಶ ಇದು, ಹೊರಗೆ ಅರವತ್ತು ಜನ ಕಾಯ್ತಿದ್ರೆ ಕೂತು ಕಷ್ಟಸುಖ ಕೇಳು ಅಂದ್ರೆ ಹೇಗೆ. ಮನೆಯವರನ್ನ ಜೊತೆಗೆ ಸೇರಿಸ್ಕೊಳ್ಳೋದೂ ನಮ್ಮ ದೇಶದ ಒಳ್ಳೇ ಪದ್ಧತಿನೇ, 1950ರ ದಶಕದಲ್ಲಿ ಅಮೃತಸರದ ಆಸ್ಪತ್ರೆಲಿ ಡಾಕ್ಟರ್ ವಿದ್ಯಾಸಾಗರ್ ಅನ್ನೋರು ಟೆಂಟ್ ಹಾಕ್ಸಿ ರೋಗಿಗಳ ಮನೆಯವರನ್ನೂ ಅಲ್ಲೇ ಇರಿಸ್ಕೊಂಡ್ರು, ಬೇರೆ ದೇಶಗಳಲ್ಲಿ ದೊಡ್ಡ ದೊಡ್ಡ ಆಸ್ಪತ್ರೆಗಳಲ್ಲಿ ಜನರನ್ನ ವರ್ಷಗಟ್ಟಲೆ ಮುಚ್ಚಿಡ್ತಿದ್ದ ಕಾಲ ಅದು. ನಮ್ ಬಳ್ಳಾರಿ ಜಿಲ್ಲೆಲೇ 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಹಳ್ಳಿ ಹಳ್ಳಿಯ ಆರೋಗ್ಯ ಕೇಂದ್ರಕ್ಕೆ ಮಾನಸಿಕ ಚಿಕಿತ್ಸೆ ತಗೊಂಡೋಗಿದ್ದು, ಅದೇ ಮಾದರೀಲಿ 1996ರಿಂದ ದೇಶದ ಬೇರೆ ಜಿಲ್ಲೆಗಳಲ್ಲೂ ಶುರುವಾಯ್ತು. ಹೆಮ್ಮೆ ಪಡೋ ವಿಷ್ಯನೇ. ಆದ್ರೆ ಮನೆಯವರು ಜೊತೆಗಿರೋದು ಬೇರೆ, ರೋಗಿ ಬದಲು ಮನೆಯವರೇ ರೋಗಿ ಆಗೋದು ಬೇರೆ.

ನಮ್ಮ ವಿಷ್ಯದಲ್ಲಿ ಬದಲಾಗಿದ್ದು 2019ರಲ್ಲಿ. ತಾಲೂಕು ಆಸ್ಪತ್ರೆಗೆ ಮಂಗಳವಾರ ಮಂಗಳವಾರ ಮನೋವೈದ್ಯರು ಬರ್ತಾರೆ ಅಂತ ಆಶಾ ಕಾರ್ಯಕರ್ತೆ ಹೇಳಿದ್ರು, ಪ್ರೈವೇಟಿಗೆ ದುಡ್ಡು ಸುರಿದು ಸಾಕಾಗಿತ್ತು, ಹೋದ್ವಿ. ಸಣ್ಣ ವಯಸ್ಸಿನ ಡಾಕ್ಟರಮ್ಮ. ಅಪ್ಪ ಅಭ್ಯಾಸ ಬಲದಿಂದ ಮಾತಾಡೋಕೆ ಬಾಯಿ ತೆಗೆದ್ರು, ಅವ್ರು "ಯಜಮಾನ್ರೇ, ನೀವೊಂದ್ ಹತ್ತು ನಿಮಿಷ ಹೊರಗಡೆ ಕೂತಿರಿ" ಅಂದ್ರು. ಹತ್ತು ನಿಮಿಷ ಇಪ್ಪತ್ತಾಯ್ತು. ಆಮೇಲೆ ನನ್ನೊಬ್ಬಳನ್ನೇ ಕರೆದು ಕೇಳಿದ್ರು, "ಕೈ ಈ ಥರ ನಡುಗ್ಬೇಕು ಅಂದ್ರೆ ಏನೋ ಕೊಡ್ತಿದೀರ. ಏನ್ ಕೊಡ್ತಿದೀರ?"

ಹೇಳ್ದೆ. ಬೈತಾರೆ ಅಂದ್ಕೊಂಡಿದ್ದೆ, ಬೈಲಿಲ್ಲ. ತಕ್ಷಣ ನಿಲ್ಲಿಸೋಕೆ ಹೋಗ್ಬೇಡಿ, ಅದು ಅಪಾಯ, ಆದ್ರೆ ಇವತ್ತೇ ಅವ್ರಿಗೆ ಹೇಳ್ಬೇಕು, ನಾನಿರ್ತೀನಿ, ಇಲ್ಲೇ ಹೇಳೋಣ ಅಂದ್ರು. (ಓದ್ತಿರೋರಿಗೂ ಇದೇ ಮಾತು, ಈ ಪೋಸ್ಟ್ ಓದಿ ಯಾರೂ ನಾಳೆಯಿಂದ ಔಷಧ ಬಂದ್ ಮಾಡ್ಬೇಡಿ, ದಮ್ಮಯ್ಯ ಅಂತೀನಿ. ತುರ್ತು ಏನಾದ್ರೂ ಇದ್ರೆ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡ್ತಾರೆ.)

ಮಾವ ಕೇಳಿಸ್ಕೊಂಡ್ರು. ಕಿರುಚಾಡ್ಲಿಲ್ಲ. ತಮ್ಮ ಕೈ ನೋಡ್ಕೊಂಡ್ರು, ಅಂಗೈ ಒಂದು ಸಲ, ಹಿಂಗೈ ಒಂದು ಸಲ. "ಹಂಗಾದ್ರೆ ಮಾಟ ಅಲ್ಲ" ಅಂದ್ರು. ಅವ್ರ ದನಿಲಿ ಸಮಾಧಾನ ಇತ್ತು, ಅದನ್ನ ಕೇಳಿ ನನಗೆ ಅಲ್ಲೇ ಅಳು ಬಂತು. ಬಸ್ಸಲ್ಲಿ ಬರ್ತಾ ಮಾತ್ರ ನನ್ನ ಪಕ್ಕ ಕೂರ್ಲಿಲ್ಲ. ಆಮೇಲೆ ಮೂರು ತಿಂಗಳು ನಮ್ಮನೇಲಿ ಕಾಫಿ ಮುಟ್ಟಲಿಲ್ಲ, ಬಸ್‌ಸ್ಟ್ಯಾಂಡಲ್ಲಿ ಟೀ ಕುಡಿಯೋರು.

ಈಗ ಬೇರೆ ಮಾತ್ರೆ, ರಾತ್ರಿ ಒಂದು, ಅವ್ರೇ ತಗೋತಾರೆ, ಕೆಲವು ಸಲ ತಪ್ಪಿಸ್ತಾರೆ, ತಪ್ಪಿಸಿದ್ರೆ ತಪ್ಪಿಸಿದೆ ಅಂತಾನೂ ಹೇಳ್ತಾರೆ. ದನಿ ಪೂರ್ತಿ ಹೋಗಿಲ್ಲ. "ಇದೆ, ಆದ್ರೆ ಪಕ್ಕದ್ಮನೆ ರೇಡಿಯೋ ಥರ" ಅಂತಾರೆ. ಸೂಜಿ ಪೋಣಿಸ್ತಾರೆ.

ಕಾಯ್ದೆಲಿ ಇನ್ನೊಂದು ಅನುಕೂಲ ಇದೆ. ಹುಷಾರಾಗಿದ್ದಾಗಲೇ, ಮುಂದೆ ಹುಷಾರು ತಪ್ಪಿದ್ರೆ ನನಗೆ ಹೀಗೆ ಮಾಡಿ, ಹೀಗೆ ಮಾಡ್ಬೇಡಿ ಅಂತ ಬರೆದಿಡಬಹುದು. ಅದನ್ನ ಈ ಕಾಯ್ದೆ ಪ್ರಕಾರ ಇರೋ ಮಾನಸಿಕ ಆರೋಗ್ಯ ರಿವ್ಯೂ ಬೋರ್ಡಲ್ಲಿ ರಿಜಿಸ್ಟರ್ ಮಾಡಿಸ್ಬೇಕು, ಬೋರ್ಡ್ ಎಲ್ಲಿದೆ ಅಂತ ಕೇಳಿದ್ರೆ ಆಫೀಸಿಂದ ಆಫೀಸಿಗೆ ಕಳಿಸ್ತಾರೆ, ನಾನು ಎರಡು ಸಲ ಓಡಾಡಿ ಸದ್ಯಕ್ಕೆ ಕೈ ಬಿಟ್ಟಿದೀನಿ. ಆದ್ರೆ ನಮ್ಮ ಪರವಾಗಿ ನಿಲ್ಲೋರು ಯಾರು ಅಂತ ಹೆಸರು ಸೂಚಿಸೋಕೆ ಅಷ್ಟೆಲ್ಲ ಇಲ್ಲ, ಬಿಳಿ ಹಾಳೆ ಮೇಲೆ ಬರ್ದು ಸಹಿ ಹಾಕಿದ್ರೆ ಸಾಕು, ಸಹಿ ಬರ್ದೇ ಇದ್ರೆ ಹೆಬ್ಬೆಟ್ಟು.

ಹೋದ ತಿಂಗಳು ಮಾವನಿಗೆ ಇದನ್ನ ವಿವರಿಸಿ ಹಾಳೆ ಪೆನ್ನು ಕೊಟ್ಟೆ. ಅಮ್ಮ ಪಕ್ಕದಲ್ಲೇ ಬೀನ್ಸ್ ಬಿಡಿಸ್ತಾ ಕೂತಿದ್ರು, ಅಕ್ಕ ಅಂದ್ಮೇಲೆ ತನ್ನ ಹೆಸರೇ ಬರೀತಾನೆ ಅಂತ ಗ್ಯಾರಂಟಿ ಅವ್ರಿಗೆ. ನನಗೂ ಒಳಗೊಳಗೇ ಆಸೆ ಇತ್ತು. ಮಾವ ಕನ್ನಡಕ ಹಾಕ್ಕೊಂಡು, ನಿಧಾನಕ್ಕೆ, ಅಳತೆ ಪುಸ್ತಕದಲ್ಲಿ ಬರೆಯೋ ಥರ ದುಂಡಗೆ ಕಟಿಂಗ್ ಶಾಪಿನ ಹುಡುಗನ ಹೆಸರು ಬರೆದ್ರು.

ಅಮ್ಮ ಎರಡು ದಿನ ಅವ್ರ ಜೊತೆ ಮಾತಾಡ್ಲಿಲ್ಲ.